ಮಿಂಚುಹುಳದ ಬೆಳಕು, ಇಲಿಯ ಲೆಕ್ಕ

ಕ್ಯಾನ್ಸರ್ ಸಂಶೋಧನಾ ಪ್ರಬಂಧಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ: ಬೂದುಬಣ್ಣದ ಇಲಿ, ಅದರ ಮೈಮೇಲೆ ನೀಲಿಯಿಂದ ಕೆಂಪಿಗೇರುವ ಮಚ್ಚೆ. ಕೆಂಪಾದಷ್ಟೂ ಗಡ್ಡೆ ದೊಡ್ಡದು ಎಂದು ಓದುವುದು ರೂಢಿ. ತಂತ್ರದ ಬಗ್ಗೆ ನನಗೆ ತಕರಾರಿಲ್ಲ, ತಕರಾರು ಈ ಓದಿನ ಬಗ್ಗೆ. ಆ ಬಣ್ಣ ಇಲಿಯದಲ್ಲ. ಕ್ಯಾಮೆರಾ ಎಣಿಸಿದ ಫೋಟಾನುಗಳಿಗೆ ಗಣಕಯಂತ್ರ ಬಳಿದದ್ದು.

ಈ ಫೋಟಾನುಗಳು ಹುಟ್ಟುವುದು ಹೀಗೆ: ಫೋಟಿನಸ್ ಪೈರಾಲಿಸ್ ಎಂಬ ಅಮೆರಿಕದ ಮಿಂಚುಹುಳದಲ್ಲಿ ಬೆಳಕು ಹೊಮ್ಮಿಸುವ ಲೂಸಿಫರೇಸ್ ಕಿಣ್ವದ ಜೀನನ್ನು ಗಡ್ಡೆಯ ಕೋಶಗಳಿಗೆ ಸೇರಿಸಿರುತ್ತಾರೆ. ಆಮೇಲೆ ಇಲಿಯ ಉದರಕ್ಕೆ ಆ ಕಿಣ್ವದ ಇಂಧನವಾದ ಡಿ-ಲೂಸಿಫೆರಿನ್ ಚುಚ್ಚುತ್ತಾರೆ. ಪ್ರತಿ ಕಿಲೋ ತೂಕಕ್ಕೆ 150 ಮಿಲಿಗ್ರಾಂ ಎಂಬುದು ಬಹುಪಾಲು ಪ್ರಯೋಗಾಲಯಗಳ ಪ್ರಮಾಣ. ಲೂಸಿಫೆರಿನ್ ಕೋಶವನ್ನು ತಲುಪಿ, ಅಲ್ಲಿ ಕೋಶದ ಶಕ್ತಿಯ ಅಣುವಾದ ಎಟಿಪಿ, ಮೆಗ್ನೀಸಿಯಂ, ಆಮ್ಲಜನಕ ಮೂರೂ ಸಿಕ್ಕರೆ ಬೆಳಕು ಹೊಮ್ಮುತ್ತದೆ.

ಇದರ ಹಿರಿಮೆ ದೊಡ್ಡದೇ. ಹಿಂದೆ ಗಡ್ಡೆಯ ಬೆಳವಣಿಗೆ ತಿಳಿಯಲು ಪ್ರತಿ ಹಂತದಲ್ಲೂ ಒಂದಷ್ಟು ಇಲಿಗಳನ್ನು ಕೊಂದು ನೋಡಬೇಕಿತ್ತು. ಈಗ ಒಂದೇ ಇಲಿಯನ್ನು ವಾರಗಟ್ಟಲೆ ಹಿಂಬಾಲಿಸಬಹುದು. ಪ್ರಾಣಿ ಪ್ರಯೋಗಗಳ ಬಗ್ಗೆ ರಸೆಲ್ ಮತ್ತು ಬರ್ಚ್ 1959ರಲ್ಲಿ ಹೇಳಿದ 'ಕಡಿಮೆ ಪ್ರಾಣಿ' ತತ್ವಕ್ಕೆ ಇಷ್ಟು ನೇರವಾಗಿ ನೆರವಾದ ತಂತ್ರಗಳು ವಿರಳ. ಹೊರಗಿನ ಬೆಳಕು ಬೇಕಿಲ್ಲದ್ದರಿಂದ ಅಂಗಾಂಶದ ಹುಸಿ ಹೊಳಪಿನ ಕಾಟವೂ ಕಡಿಮೆ.

ಆದರೆ ಬೆಳಕು ಕೋಶಗಳ ತಲೆಯೆಣಿಕೆಯಲ್ಲ. ಆಮ್ಲಜನಕ ತಲುಪದ ಗಡ್ಡೆಯ ಒಡಲು ಮಂಕಾಗುತ್ತದೆ. ಗಡ್ಡೆ ಬೆಳೆಯುತ್ತಿದ್ದರೂ ಬೆಳಕು ಇಳಿಯಬಹುದು. ಸೂಜಿ ತಪ್ಪಿ ಕರುಳಿಗೆ ಹೋದರೆ ಅಂದಿನ ಅಂಕಿಯೇ ಕುಸಿಯುತ್ತದೆ. 600 ನ್ಯಾನೊಮೀಟರ್‌ಗಿಂತ ಕಿರಿದಾದ ತರಂಗಗಳನ್ನು ಹಿಮೋಗ್ಲೋಬಿನ್ ನುಂಗುತ್ತದೆ, ಕಪ್ಪು ತುಪ್ಪಳ ಮತ್ತಷ್ಟು ನುಂಗುತ್ತದೆ. ಮಿದುಳಿನ ರಕ್ತನಾಳಗಳಲ್ಲಿರುವ ಎಬಿಸಿಜಿ2 ಎಂಬ ಸಾಗಣೆ ಪ್ರೋಟೀನು ಲೂಸಿಫೆರಿನ್ನನ್ನು ಹೊರಗಟ್ಟುತ್ತದೆ.

ಇಲ್ಲಿಯೇ ಔಷಧ ಪರೀಕ್ಷೆಗೆ ಕುತ್ತು. ಪರೀಕ್ಷೆಯಲ್ಲಿರುವ ಔಷಧವೇ ಎಬಿಸಿಜಿ2 ಅನ್ನು ತಡೆದರೆ ಒಳಗೆ ಲೂಸಿಫೆರಿನ್ ಹೆಚ್ಚಿ, ಗಡ್ಡೆ ಬೆಳೆದಂತೆ ತೋರುತ್ತದೆ. ಔಷಧ ಲೂಸಿಫರೇಸನ್ನೇ ತಡೆದರೆ ಗಡ್ಡೆ ಕರಗಿದಂತೆ ತೋರುತ್ತದೆ. ಎರಡೂ ಸಂದರ್ಭದಲ್ಲಿ ಗಡ್ಡೆ ಇದ್ದಷ್ಟೇ ಇರಬಹುದು. ಈ ಎರಡು ಸಾಧ್ಯತೆಗಳನ್ನು ಬೇರೆಯಾಗಿ ಪರೀಕ್ಷಿಸದ ಪ್ರಬಂಧದ ತೀರ್ಮಾನವನ್ನು ಒಪ್ಪುವುದು ಕಷ್ಟ.

ಹೊಸ ಲೂಸಿಫೆರಿನ್‌ಗಳು ಕೆಲವು ತೊಡಕುಗಳನ್ನು ನೀಗಿಸಿವೆ. ಜಪಾನಿನ ಸಂಶೋಧಕರು ರೂಪಿಸಿದ ಅಕಾಲುಮಿನ್ ಸುಮಾರು 677 ನ್ಯಾನೊಮೀಟರ್‌ನ ಕೆಂಪು ಬೆಳಕು ಕೊಡುತ್ತದೆ. ಅದಕ್ಕೆ ಒಗ್ಗಿಸಿದ ಅಕಾಲುಕ್ ಕಿಣ್ವದ ಜೊತೆಗೂಡಿ ಮಾರ್ಮೊಸೆಟ್ ಕೋತಿಯ ಮಿದುಳಿನ ಆಳದ ನರಕೋಶಗಳನ್ನೂ ಕಾಣಿಸಿದ್ದು 2018ರಲ್ಲಿ ವರದಿಯಾಯಿತು. ಆದರೆ ಲೂಸಿಫರೇಸ್ ಇಲ್ಲದ ಇಲಿಯ ಯಕೃತ್ತಿನಲ್ಲೂ ಅಕಾಲುಮಿನ್ ಮಸುಕಾಗಿ ಹೊಳೆಯುತ್ತದೆ. ಕಡಲಜೀವಿಗಳ ಲೂಸಿಫೆರಿನ್ ಆದ ಸೀಲೆಂಟರಜಿನ್‌ಗೆ ಎಟಿಪಿ ಬೇಡ, ನಿಜ. ಆದರೆ ಅದು ರಕ್ತದಲ್ಲಿ ತಾನಾಗಿಯೇ ಉತ್ಕರ್ಷಣೆಗೊಳ್ಳುತ್ತದೆ, ಅದರ ನೀಲಿ ಬೆಳಕು ಆಳದಿಂದ ಹೊರಬರುವುದು ಕಷ್ಟ. ತೊಡಕು ತಪ್ಪಲಿಲ್ಲ, ಜಾಗ ಬದಲಿಸಿತು.

ಹಾಗಾದರೆ ಈ ತಂತ್ರಕ್ಕೆ ಎಷ್ಟು ಮಾನ್ಯತೆ? ಒಂದೇ ಇಲಿಯ ಒಂದೇ ಜಾಗವನ್ನು, ಒಂದೇ ಅರಿವಳಿಕೆಯಲ್ಲಿ, ಚುಚ್ಚಿದ ಬಳಿಕದ ಏರಿಳಿತವನ್ನು ಪೂರ್ತಿ ದಾಖಲಿಸಿ, ನಿನ್ನೆ-ಇಂದು ಎಂದು ಹೋಲಿಸಿದರೆ ಇದು ಸಮರ್ಥ ಸಾಧನ. ಶ್ವಾಸಕೋಶದ ಮಚ್ಚೆಗಿಂತ ಚರ್ಮದ ಮಚ್ಚೆ ಕೆಂಪಾಗಿದೆ, ಆದ್ದರಿಂದ ಅಲ್ಲಿ ಕ್ಯಾನ್ಸರ್ ಹೆಚ್ಚು ಎಂದರೆ ಅದು ಬರೀ ಬಣ್ಣದ ಮಾತು. ಕೊನೆಗೆ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವ ಹಳೆಯ ಕೆಲಸಕ್ಕೆ ವಿನಾಯಿತಿ ಸಿಕ್ಕಿಲ್ಲ. ಎಷ್ಟು ಪ್ರಾಣಿಗಳಿಗೆ ಅದು ಬೇಕಾಗುತ್ತದೆ ಎಂಬುದಷ್ಟೇ ಕಡಿಮೆಯಾಗಿದೆ.