ಮನೋವೇದನೆ ಮತ್ತು ದಂಡನೀತಿ: ಒಂದು ವಿಮರ್ಶೆ

ದೇಹಕ್ಕೆ ಬಿದ್ದ ಪೆಟ್ಟನ್ನು ದಂಡಿಸುವ ಕಾನೂನು ಮನಸ್ಸಿಗೆ ಬಿದ್ದ ಪೆಟ್ಟನ್ನೂ ದಂಡಿಸಬೇಕೆ ಎಂಬ ಪ್ರಶ್ನೆಯನ್ನು ತೀರ ಹೊಸದೆಂಬಂತೆ ಎತ್ತುವುದುಂಟು. ಚರಿತ್ರೆಯ ವಿದ್ಯಾರ್ಥಿಗೆ ಅದು ಹೊಸದಾಗಿ ಕಾಣದು. ನಮ್ಮ ದೇಶದ ದಂಡನೀತಿ ಮನಸ್ಸಿನ ನೋವನ್ನು ಪೂರ್ಣವಾಗಿ ಕಡೆಗಣಿಸಿದುದಿಲ್ಲ. ಯಾರ ನೋವನ್ನು ಗಣಿಸಬೇಕು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬಲ್ಲಿ ಮಾತ್ರ ಕಾಲಕಾಲಕ್ಕೆ ಭೇದವಿದ್ದಿತು. ಆ ಅಳತೆಗೋಲುಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಧರ್ಮಶಾಸ್ತ್ರಕಾರರು 18 ವ್ಯವಹಾರಪದಗಳನ್ನು ಎಣಿಸುವಾಗ ದಂಡಪಾರುಷ್ಯದೊಡನೆ ವಾಕ್ಪಾರುಷ್ಯಕ್ಕೂ ಸ್ಥಾನ ಕೊಟ್ಟರು. ಒಂದು ಕೈಯ ಹಿಂಸೆ, ಇನ್ನೊಂದು ನಾಲಗೆಯ ಹಿಂಸೆ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವು ಆಸ್ತಿಯ ಹಕ್ಕಿನ ವಿಷಯದಲ್ಲಿ ಪ್ರಸಿದ್ಧವಾಗಿದೆ. ಆದರೆ ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯಸ್ಮೃತಿಯ ವಾಕ್ಪಾರುಷ್ಯ ಪ್ರಕರಣವೂ ಗಮನಾರ್ಹವಾದುದು. ಅಂಗಹೀನನನ್ನಾಗಲಿ ರೋಗಿಯನ್ನಾಗಲಿ ಹೀಯಾಳಿಸಿದವನು ಹನ್ನೆರಡೂವರೆ ಪಣ ದಂಡ ತೆರಬೇಕು. ಆಡಿದ ಮಾತು ನಿಜವೇ ಆಗಿರಲಿ, ಹೊಗಳಿಕೆಯ ಸೋಗಿನಲ್ಲಿಯೇ ಇರಲಿ, ಅವನಿಗೆ ಬಿಡುಗಡೆಯಿಲ್ಲ. ಮಾತು ಸತ್ಯವೇ ಎಂಬುದಕ್ಕಿಂತ ಅದು ಇರಿಯುವುದೇ ಎಂಬುದು ಮುಖ್ಯವೆಂಬ ಸೂಕ್ಷ್ಮ ಇಲ್ಲಿದೆ. ಹಾಗಿದ್ದೂ ಅದೇ ಪ್ರಕರಣವು ಬೈಗುಳಿಗೆ ಗುರಿಯಾದವನು ಕೆಳಗಿನವನಾದರೆ ದಂಡವನ್ನು ಅರ್ಧಕ್ಕಿಳಿಸುತ್ತದೆ, ಮೇಲಿನವನಾದರೆ ಇಮ್ಮಡಿಗೊಳಿಸುತ್ತದೆ. ನೋವನ್ನು ಕಂಡ ಶಾಸ್ತ್ರ ಅದನ್ನು ಅಂತಸ್ತಿನಿಂದ ಅಳೆಯಿತು.

1860ರ ಭಾರತ ದಂಡ ಸಂಹಿತೆ ಈ ಅಂತಸ್ತಿನ ಲೆಕ್ಕವನ್ನು ಅಳಿಸಿತು. ಅದರ 44ನೆಯ ಕಲಂ ‘ಹಾನಿ’ ಎಂಬ ಪದದಲ್ಲಿ ದೇಹ, ಮನಸ್ಸು, ಕೀರ್ತಿ, ಸ್ವತ್ತು ನಾಲ್ಕನ್ನೂ ಸೇರಿಸಿತು. ಆದರೆ ನೋವುಂಟುಮಾಡುವ ಅಪರಾಧವನ್ನು ನಿರೂಪಿಸುವ 319ನೆಯ ಕಲಮಿನಲ್ಲಿ ಉಳಿದುದು ದೈಹಿಕ ನೋವು, ರೋಗ, ಅಶಕ್ತತೆಗಳು ಮಾತ್ರ. ಧಾರ್ಮಿಕ ಭಾವನೆಯನ್ನು ಬೇಕೆಂದೇ ನೋಯಿಸುವ ಮಾತಿಗೆ 298ನೆಯ ಕಲಂ ಶಿಕ್ಷೆ ವಿಧಿಸಿತು. 504ನೆಯ ಕಲಮಿನಂತೆ, ಕೆರಳಿದವನು ಸಾರ್ವಜನಿಕ ಶಾಂತಿಯನ್ನು ಕದಡುವ ಸಂಭವವಿದ್ದರೆ ಅವಮಾನವೂ ಅಪರಾಧವಾಯಿತು. ಇದರ ತಾತ್ಪರ್ಯವನ್ನು ವಿಚಾರಿಸಬೇಕು. ತಿರುಗಿ ಹೊಡೆಯಬಲ್ಲವನ ಅವಮಾನಕ್ಕೆ ಈ ಕಲಮಿನಲ್ಲಿ ರಕ್ಷಣೆ ದೊರೆಯಿತು. ಮನೆಯೊಳಗೆ ಮೌನವಾಗಿ ಸಹಿಸುವವಳ ಅವಮಾನಕ್ಕೆ ದೊರೆಯಲಿಲ್ಲ. ಶಾಸನಕರ್ತರ ಚಿಂತೆ ಬೀದಿಯ ಶಾಂತಿಯದು, ನೊಂದ ಜೀವದ್ದಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ನಿರೂಪಣೆಗಳು ಬಹುಮಟ್ಟಿಗೆ ಹಾಗೆಯೇ ಮುಂದುವರಿದಿವೆ.

ಈ ಕೊರತೆಯನ್ನು ಕೊಂಚಮಟ್ಟಿಗೆ ತುಂಬಿದುದು 1983ರಲ್ಲಿ ಸೇರಿದ 498-ಎ ಕಲಂ. ಪತ್ನಿಯ ಮೇಲೆ ಪತಿಯಾಗಲಿ ಅವನ ಬಂಧುಗಳಾಗಲಿ ನಡೆಸುವ ಕ್ರೌರ್ಯವನ್ನು ವಿವರಿಸುವಾಗ ಅದು ಮಾನಸಿಕ ಆರೋಗ್ಯಕ್ಕೊದಗುವ ಗುರುತರ ಹಾನಿಯನ್ನೂ ಹೆಸರಿಸಿತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ ಮಕ್ಕಳಿಲ್ಲವೆಂದು, ಗಂಡುಮಗುವಿಲ್ಲವೆಂದು ಮೂದಲಿಸುವುದನ್ನೂ ಹಿಂಸೆಯೆಂದು ಸ್ಪಷ್ಟವಾಗಿ ಹೇಳಿತು. ಆದರೆ ಮೂದಲಿಸಿದೊಡನೆ ಸೆರೆಮನೆಯೆಂದು ಅದು ಹೇಳಲಿಲ್ಲ. ಮೊದಲು ನ್ಯಾಯಾಲಯದ ರಕ್ಷಣಾ ಆದೇಶ. ಅದನ್ನು ಮೀರಿದರೆ ಒಂದು ವರ್ಷದವರೆಗೆ ಸೆರೆ, 20,000 ರೂಪಾಯಿಯವರೆಗೆ ಜುಲ್ಮಾನೆ, ಅಥವಾ ಎರಡೂ. ಈ ಕ್ರಮದಲ್ಲಿರುವ ವಿವೇಕವನ್ನು ನಮ್ಮ ವಿಮರ್ಶಕರು ಸಾಕಷ್ಟು ಗುರುತಿಸಿಲ್ಲವೆನ್ನಬೇಕು.

ಮನಸ್ಸಿನ ನೋವು ಕಣ್ಣಿಗೆ ಕಾಣದು, ಆದುದರಿಂದ ಅದನ್ನು ದಂಡಿಸಹೊರಟರೆ ಸುಳ್ಳುದೂರಿಗೆ ದಾರಿಯಾಗುವುದೆಂಬ ಆಕ್ಷೇಪಣೆ ಅಲ್ಲಗಳೆಯತಕ್ಕದ್ದಲ್ಲ. 2014ರಲ್ಲಿ ಅರ್ನೇಶ್ ಕುಮಾರ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 498-ಎ ಕಲಮಿನ ದೂರು ಬಂದ ಮಾತ್ರಕ್ಕೆ ಬಂಧಿಸಕೂಡದೆಂದು ವಿಧಿಸಿದುದು ಈ ಭಯದಿಂದಲೇ. ಆದರೆ ದೇಹದ ನೋವನ್ನಾದರೂ ನ್ಯಾಯಾಧೀಶನು ಕಣ್ಣಾರೆ ಕಾಣುವನೆ? ಅವನು ಕಾಣುವುದು ಕೃತ್ಯವನ್ನು ಮತ್ತು ಅದರ ಪರಿಣಾಮವನ್ನು. ಮನಸ್ಸಿನ ವಿಷಯದಲ್ಲಿಯೂ ಇದೇ ಮಾರ್ಗ ಸಾಧ್ಯ. ಇಂಗ್ಲೆಂಡಿನ 2015ರ ಗಂಭೀರ ಅಪರಾಧ ಕಾಯ್ದೆಯ 76ನೆಯ ಕಲಂ ಆಪ್ತರ ಮೇಲೆ ಮತ್ತೆ ಮತ್ತೆ ಅಥವಾ ಎಡೆಬಿಡದೆ ನಡೆಸುವ ದಬ್ಬಾಳಿಕೆಯನ್ನು ಅಪರಾಧವೆಂದಿತು. ಅದು ಕೇಳುವ ಪ್ರಶ್ನೆ ‘ನೊಂದೆಯಾ?’ ಎಂಬುದಷ್ಟೇ ಅಲ್ಲ. ಆ ನಡತೆಯಿಂದ ಹಿಂಸೆಯ ಭಯ ಕನಿಷ್ಠ ಎರಡು ಬಾರಿ ಹುಟ್ಟಿತೆ, ಅಥವಾ ದೈನಂದಿನ ಬಾಳು ಗಣನೀಯವಾಗಿ ಕೆಟ್ಟಿತೆ ಎಂದು ಅದು ವಿಚಾರಿಸುತ್ತದೆ.

ಹೀಗೆ ನೋಡಿದರೆ, ಒಂದು ಸಲ ಬಾಯಿತಪ್ಪಿ ಬಂದ ಕಟುನುಡಿಗೆ ದಂಡವಿಲ್ಲದಿರುವುದೇ ಲೇಸು. ಬಿಟ್ಟುಹೋಗಲಾರದ ಸಂಬಂಧದಲ್ಲಿ ಸಿಕ್ಕಿದವರನ್ನು ದಿನದಿನವೂ ಕುಗ್ಗಿಸುವ ನಡತೆಗೆ, ಮೊದಲು ತಡೆಯಾಜ್ಞೆ, ಮೀರಿದರೆ ಶಿಕ್ಷೆ ಎಂಬ ಕ್ರಮ ನ್ಯಾಯವಾದುದು. ನಮ್ಮಲ್ಲಿ ಈ ರಕ್ಷಣೆ ಸ್ತ್ರೀಯರಿಗೆ ಮಾತ್ರ ದೊರೆತಿದೆ. ಮಗನ ಮನೆಯಲ್ಲಿ ಹಂಗಿನ ಅನ್ನ ಉಣ್ಣುವ ಮುದಿತಂದೆ ಈ ಕಾಯ್ದೆಯ ಆಶ್ರಯ ಬೇಡಲಾರ. ಮನುವ್ಯಾಸಂಗಿಗಳ ಕಾಲದ ಅಂತಸ್ತಿನ ಲೆಕ್ಕವೂ 1860ರ ಬೀದಿಶಾಂತಿಯ ಲೆಕ್ಕವೂ ಸಾಲದೆಂದು ಒಪ್ಪಿದ ಮೇಲೆ, ನೊಂದವರು ಯಾರೆಂಬುದಕ್ಕಿಂತ ನಡೆದುದೇನೆಂಬುದನ್ನೇ ಅಳತೆಗೋಲಾಗಿ ಹಿಡಿಯುವುದು ಉಳಿದಿರುವ ಕೆಲಸ.