ಚೀಟಿ ಕೌಂಟರಿನಲ್ಲೇ ನಿಂತ ದಾಖಲೆ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಜಾರಿಯಾದಾಗ ಕೊಟ್ಟ ಮಾತು ಸಗರನಾಡಿಗೆ ಹೇಳಿ ಮಾಡಿಸಿದಂತಿತ್ತು. ಇಲ್ಲಿನ ಯಾದಗಿರಿ, ಶಹಾಪುರ, ಸುರಪುರದ ಊರುಗಳಿಂದ ಜನ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುತ್ತಾರೆ. ರೋಗವೂ ಜೊತೆಗೇ ಹೋಗುತ್ತದೆ. ಚೀಟಿ ಮಾತ್ರ ಊರಲ್ಲೇ ಉಳಿದಿರುತ್ತದೆ. 14 ಅಂಕಿಯ ‘ಆಭಾ’ ಸಂಖ್ಯೆಯೊಂದಿದ್ದರೆ, ರೋಗಿಯ ಒಪ್ಪಿಗೆಯ ಮೇಲೆ, ಇಲ್ಲಿನ ದಾಖಲೆಯನ್ನು ಅಲ್ಲಿನ ವೈದ್ಯರೂ ನೋಡಬಹುದೆಂಬುದು ಯೋಜನೆಯ ಜೀವಾಳ.

ಹೊರರೋಗಿ ವಿಭಾಗದ ದಿನನಿತ್ಯಕ್ಕೆ ಇದರಲ್ಲಿ ಸಲೀಸಾಗಿ ಒಗ್ಗಿದ್ದು ಟೋಕನ್. 2022ರಲ್ಲಿ ಬಂದ ‘ಸ್ಕ್ಯಾನ್ ಅಂಡ್ ಶೇರ್’ನಲ್ಲಿ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ಹೆಸರು, ವಯಸ್ಸು, ವಿಳಾಸ ತಾವೇ ಕೌಂಟರಿಗೆ ತಲುಪಿ ಟೋಕನ್ ಸಿಗುತ್ತದೆ. ಊರಿಗೆ ಹತ್ತು ಮಲ್ಲಮ್ಮಂದಿರಿರುವ ಸೀಮೆಯಲ್ಲಿ ಇದು ಸಣ್ಣ ಉಪಕಾರವಲ್ಲ. ಆದರೆ ಸ್ಮಾರ್ಟ್‌ಫೋನ್ ಇರುವುದು ಮಗನ ಬಳಿ, ಮಗನಿರುವುದು ಬೆಂಗಳೂರಿನ ಕಟ್ಟಡದ ಮೇಲೆ. ಆಧಾರ್‌ಗೆ ಜೋಡಿಸಿದ್ದೂ ಅವನದೇ ನಂಬರಾಗಿದ್ದರೆ, ತಾಯಿ ಸುರಪುರದ ದವಾಖಾನೆಯಲ್ಲಿ ನಿಂತಿರುವಾಗ ಒಟಿಪಿ ಬೆಂಗಳೂರಿಗೆ ಹೋಗಿ ಬೀಳುತ್ತದೆ.

ನಿಜವಾದ ತೊಡಕಿರುವುದು ವೈದ್ಯರ ಕೋಣೆಯಲ್ಲಿ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ‘ಬಿಎಂಜೆ ಓಪನ್’ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭಾರತದಲ್ಲಿ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು ಎರಡು ನಿಮಿಷ. “ವಾರಾತು, ಸೊಂಟ ನೂಸ್ತದ್ರಿ, ನಿದ್ದಿ ಬರವಲ್ದು” ಎಂಬುದನ್ನು ಕೇಳಿ, ಮುಟ್ಟಿ ನೋಡಿ, ಇಂಗ್ಲಿಷ್ ಪಟ್ಟಿಯಲ್ಲಿ ತಕ್ಕ ಖಾನೆ ಹುಡುಕಿ ಟೈಪು ಮಾಡುವುದೆಂದರೆ ಯಾವುದೋ ಒಂದನ್ನು ಬಿಡಲೇಬೇಕು. ಬಿಟ್ಟುಹೋಗುವುದು ಟೈಪಿಂಗ್ ಆದರೆ ನಾನಂತೂ ವೈದ್ಯರನ್ನು ದೂರುವುದಿಲ್ಲ. ಅಮೆರಿಕದಲ್ಲೇ ರೋಗಿಯೊಡನೆ ಕಳೆದ ಒಂದು ಗಂಟೆಗೆ ಸುಮಾರು ಎರಡು ಗಂಟೆ ಕಂಪ್ಯೂಟರು, ಕಾಗದದ ಕೆಲಸಕ್ಕೆ ಹೋಗುತ್ತದೆಂದು 2016ರ ಅಧ್ಯಯನವೊಂದು ತೋರಿಸಿತ್ತು. ಇಲ್ಲಿ ಸಾಲದ್ದಕ್ಕೆ ಕ್ಷಯಕ್ಕೆ ‘ನಿಕ್ಷಯ್’, ಬಸುರಿ-ಬಾಣಂತಿಯರಿಗೆ ಆರ್‌ಸಿಎಚ್, ಬಿಪಿ-ಶುಗರಿಗೆ ಎನ್‌ಸಿಡಿ ಎಂದು ಪೋರ್ಟಲುಗಳು ಬೇರೆಬೇರೆ. ಸಿಬ್ಬಂದಿ ಬರೆದದ್ದನ್ನೇ ಬರೆಯುತ್ತಾರೆ. ಮೇಲಿನವರು ಎಣಿಸುವುದು ಎಷ್ಟು ಎಂಟ್ರಿಯಾಯಿತೆಂದು. ಆ ಎಂಟ್ರಿಯನ್ನು ಮರುಭೇಟಿಯಲ್ಲಿ ಯಾರಾದರೂ ತೆರೆದು ನೋಡಿದರೇ ಎಂಬ ಲೆಕ್ಕ ಯಾರಿಗೂ ಬೇಡ.

ಹೋಲಿಸಿ ನೋಡಲು ದೂರ ಹೋಗಬೇಕಿಲ್ಲ, ನಮ್ಮ ತಾಯಿ ಕಾರ್ಡ್ ಇದೆ. ಅದು ಬಸುರಿಯ ಕೈಯಲ್ಲೇ ಇರುತ್ತದೆ, ಹೆರಿಗೆಗೆ ತವರಿಗೆ ಹೋದರೆ ಅಲ್ಲಿಗೂ ಹೋಗುತ್ತದೆ. ಬರೆದವರಿಗೂ ಮುಂದಿನ ತಪಾಸಣೆಯಲ್ಲಿ ಅದೇ ಬೇಕು, ಹಾಗಾಗಿ ಬರೆಯುತ್ತಾರೆ. ಡಿಜಿಟಲ್ ದಾಖಲೆಗೆ ಈವರೆಗೆ ದಕ್ಕದ್ದು ಈ ಉಪಯೋಗವೇ.

ಜ್ವರ, ನೆಗಡಿಗೆ ಕೈಬರಹದ ಚೀಟಿ ಸಾಕು. ತಿಂಗಳು ತಿಂಗಳು ಗುಳಿಗೆ ಒಯ್ಯುವ ಶುಗರ್, ಬಿಪಿ, ಕ್ಷಯದ ರೋಗಿಗಳಿಂದ ಶುರುಮಾಡಬೇಕು. ಅದರಲ್ಲೂ ವೈದ್ಯರ ಕೈಗೆ ಕೀಬೋರ್ಡ್ ಕೊಡುವ ಮೊದಲು, ಲ್ಯಾಬಿನವರ ರಿಪೋರ್ಟನ್ನೂ ಔಷಧಿ ಕೊಡುವವರ ಪಟ್ಟಿಯನ್ನೂ ಆಭಾಕ್ಕೆ ಜೋಡಿಸಲಿ. ಶಹಾಪುರದಲ್ಲಿ ರಕ್ತ ಕೊಟ್ಟವನು ಪುಣೆಯಲ್ಲಿ ಮತ್ತೆ ಅದೇ ಪರೀಕ್ಷೆಗೆ ದುಡ್ಡು ಕೊಡುವುದು ತಪ್ಪಿದರೆ, ಆ ಸಂಖ್ಯೆಯನ್ನು ಅವನೇ ಜೋಪಾನ ಮಾಡುತ್ತಾನೆ.