ಬ್ಯಾಟರಿ ಅಪ್ಪನದು, ಸ್ವಿಚ್ಚು ನಮ್ಮದು

ಕಳೆದ ಮೇ ತಿಂಗಳ ಗಾಳಿಮಳೆಗೆ ತಿಪಟೂರಿನ ಹತ್ತಿರದ ನಮ್ಮೂರಲ್ಲಿ ತೆಂಗಿನ ಮರ ಬಿದ್ದು ಲೈನ್ ಕಿತ್ತುಹೋಯ್ತು. ಮೂರು ದಿನ ಕರೆಂಟಿಲ್ಲ. ಮೊದಲ ದಿನ ಸಂಜೆಗೇ ಅಪ್ಪನ ಫೋನ್ ಸ್ವಿಚ್ ಆಫ್. ಮನೇಲಿ ಅಪ್ಪ-ಅಮ್ಮ ಇಬ್ಬರೇ, ಅಪ್ಪನಿಗೆ ಬಿಪಿ. ಅಕ್ಕಪಕ್ಕದವರಿಗೆ ಫೋನ್ ಮಾಡಿದರೆ ಅವರದ್ದೂ ಸ್ವಿಚ್ ಆಫ್. ಮೂರನೇ ದಿನ ನಾನು ಬಸ್ ಹತ್ತಬೇಕು ಅನ್ನುವಷ್ಟರಲ್ಲಿ ಅಪ್ಪನೇ ಫೋನ್ ಮಾಡಿದರು. ತಿಪಟೂರಿನ ಹೋಟೆಲೊಂದರಲ್ಲಿ ಚಾರ್ಜಿಗೆ ಹಾಕಿದ್ದರಂತೆ. ಅಲ್ಲಿಗೆ ಹೋಗಿದ್ದು ನಾನು ಕೊಡಿಸಿದ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ.

"ಅಲ್ಲ ಕಣಪ್ಪ, ಅಷ್ಟು ದೊಡ್ಡ ಬ್ಯಾಟ್ರಿ ಇಟ್ಕಂಡು ಒಂದು ಫೋನಿಗೆ ಕರೆಂಟ್ ಕೊಡಕ್ಕಾಗಲ್ವಾ ಇದಕ್ಕೆ?"

ಅಪ್ಪನಿಗೆ ಬ್ಯಾಟರಿ ಅಂದರೆ ಎಲ್ಲಿ ಬೇಕೋ ಅಲ್ಲಿ ಬಳಸೋ ವಸ್ತು. 2003ರ ವರ್ಲ್ಡ್ ಕಪ್ ಫೈನಲ್ ದಿನ ಕರೆಂಟ್ ಹೋದಾಗ ಟ್ರ್ಯಾಕ್ಟರ್ ಬ್ಯಾಟರಿ ಬಿಚ್ಚಿ ತಂದು ಬ್ಲ್ಯಾಕ್ ಅಂಡ್ ವೈಟ್ ಟೀವಿಗೆ ಸಿಕ್ಕಿಸಿದ್ದರು. ಪಾಂಟಿಂಗ್ ಹೊಡೆದದ್ದನ್ನು ಊರಿನ ಅರ್ಧ ಜನ ನಮ್ಮ ಜಗಲಿ ಮೇಲೆ ಕೂತು ನೋಡಿ ಬೈದುಕೊಂಡಿದ್ದರು.

ಈಗ ಲೆಕ್ಕ ನೋಡಿ. ಅಪ್ಪನ ಸ್ಕೂಟರಿನ ಬ್ಯಾಟರಿ ಸುಮಾರು 3 ಕಿಲೋವ್ಯಾಟ್ ಅವರ್, ಅಂದರೆ ಮೂರು ಯೂನಿಟ್. 5000 ಎಂಎಎಚ್ ಫೋನ್ ತುಂಬಲು 19 ವ್ಯಾಟ್ ಅವರ್ ಬೇಕು, ಸೋರಿಕೆ ಸೇರಿಸಿ 25 ಅಂದುಕೊಳ್ಳಿ. ಸ್ಕೂಟರ್ ಒಂದು ಕಿಲೋಮೀಟರ್ ಓಡಲು ಹೆಚ್ಚುಕಮ್ಮಿ ಅಷ್ಟೇ ತಿನ್ನುತ್ತೆ. ಒಂದು ಫೋನಿನ ಫುಲ್ ಚಾರ್ಜ್ ಅಂದರೆ ಒಂದು ಕಿಲೋಮೀಟರ್! ರಾತ್ರಿಯಿಡೀ ವೈಫೈ ರೂಟರ್ ಉರಿಸಿದರೂ ನಾಲ್ಕು ಕಿಲೋಮೀಟರ್.

ಬೇಕಾದ ಸಾಮಾನೆಲ್ಲ ಗಾಡಿಯೊಳಗೇ ಇದೆ. ಸುಮಾರು 50 ವೋಲ್ಟಿನ ಬ್ಯಾಟರಿಯನ್ನು ಕನ್ವರ್ಟರ್ 12 ವೋಲ್ಟಿಗೆ ಇಳಿಸಿ ಲೈಟು, ಹಾರ್ನಿಗೆ ಕೊಡುತ್ತೆ. ಅಲ್ಲಿಂದ 5 ವೋಲ್ಟಿನ ಯುಎಸ್‌ಬಿ ಪೋರ್ಟು. ಅಪ್ಪ ಅದಕ್ಕೆ ಕೇಬಲ್ ಹಾಕಿಯೂ ನೋಡಿದ್ದರು. ಆದರೆ ನಿಂತ ಗಾಡಿ ಕೆಲವು ನಿಮಿಷಕ್ಕೆ ತಾನಾಗೇ ಆಫ್, ಜೊತೆಗೆ ಪೋರ್ಟೂ ಆಫ್. ನಾಲ್ಕು ಸಲ ಆನ್ ಮಾಡಿ ಕೈಬಿಟ್ಟರಂತೆ.

ಅಂದರೆ ಕೊರತೆ ಬ್ಯಾಟರಿಯದ್ದಲ್ಲ, ಯಾವನೋ ಇಂಜಿನಿಯರ್ ಬರೆದ ಟೈಮರಿನದ್ದು. ಅಂಥ ಟೈಮರ್ ನಾನೂ ಬರೆದಿದ್ದೀನಿ. ಬರೆಯುವಾಗ ನಮ್ಮ ಕಣ್ಣ ಮುಂದೆ ಇರೋ ಯೂಸರ್ ಜನರೇಟರ್ ಇರೋ ಅಪಾರ್ಟ್‌ಮೆಂಟಿನವನು. ಮೂರು ದಿನ ಕರೆಂಟಿಲ್ಲದ ಮನೆ ನಮ್ಮ ಟೆಸ್ಟ್ ಕೇಸಿನಲ್ಲೇ ಇರಲ್ಲ, ಅಂಥ ಮನೆಯಿಂದ ಬಂದವರೇ ಕೋಡ್ ಬರೆದರೂ.

ಟೈಮರಿಗೆ ಕಾರಣ ಇದೆ, ಒಪ್ಪಿದೆ. ಆನ್ ಆದ ಗಾಡಿಯ ಆಕ್ಸಿಲರೇಟರ್ ಮಗು ತಿರುವಿದರೆ ಅಪಾಯ. ಬ್ಯಾಟರಿಯ ವೈರ್ ಕತ್ತರಿಸಿ ನೇರ ಕರೆಂಟ್ ಎಳೆಯೋದಂತೂ ಬೇಡವೇ ಬೇಡ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಏನಾಗುತ್ತೆ ಅನ್ನೋದಕ್ಕೆ ಟ್ರ್ಯಾಕ್ಟರ್ ಬ್ಯಾಟರಿಯ ಅನುಭವ ಸಾಲದು. 2022ರಲ್ಲಿ ಸಾಲುಸಾಲು ಸ್ಕೂಟರುಗಳು ಹೊತ್ತಿಕೊಂಡ ಮೇಲೆ ಎಐಎಸ್-156 ನಿಯಮ ಬಿಗಿಯಾಗಿದ್ದು ಸುಮ್ಮನೆ ಅಲ್ಲ.

ಆದರೆ ಮೋಟಾರ್ ಆಫ್ ಮಾಡೋದು ಬೇರೆ, ಪೋರ್ಟ್ ಆಫ್ ಮಾಡೋದು ಬೇರೆ. ಮೋಟಾರ್ ಲಾಕ್ ಆಗಿರಲಿ, ಬ್ಯಾಟರಿ 20 ಪರ್ಸೆಂಟಿಗೆ ಇಳಿಯೋವರೆಗೆ ಪೋರ್ಟ್ ಮಾತ್ರ ನಡೀಲಿ. ಹ್ಯುಂಡೈ ಅಯಾನಿಕ್ 5 ಕಾರು ನಿಂತಲ್ಲೇ 3.6 ಕಿಲೋವ್ಯಾಟ್ ವರೆಗೆ ಹೊರಗೆ ಕೊಡುತ್ತೆ. 40 ಲಕ್ಷ ದಾಟಿದ ಕಾರಿನವರಿಗೆ ಅಷ್ಟು ಸಿಗೋದಾದರೆ, ಅಪ್ಪ ಕೇಳಿದ್ದು ಬರೀ 10 ವ್ಯಾಟ್.

ನಾವು ಸ್ಕೂಟರ್ ಕೊಳ್ಳುವಾಗ ಪಿಕಪ್ ಕೇಳ್ತೀವಿ, ಟಚ್‌ಸ್ಕ್ರೀನ್ ಉಜ್ಜಿ ನೋಡ್ತೀವಿ. ಮುಂದಿನ ಸಲ ಶೋರೂಮಿನಲ್ಲಿ ಇದನ್ನೂ ಕೇಳಿ: ಸ್ಟ್ಯಾಂಡ್ ಹಾಕಿದ ಗಾಡಿಯಲ್ಲಿ ಯುಎಸ್‌ಬಿ ಎಷ್ಟು ಹೊತ್ತು ನಡೆಯುತ್ತೆ?

ಅಪ್ಪನಿಗೆ ನಾನು 20000 ಎಂಎಎಚ್ ಪವರ್ ಬ್ಯಾಂಕ್ ಕೊಡಿಸಿದ್ದೀನಿ. ಮೂರು ಯೂನಿಟ್ ಬ್ಯಾಟರಿ ಇರೋ ಸ್ಕೂಟರಿನ ಸೀಟಿನ ಕೆಳಗೇ ಅದನ್ನು ಇಟ್ಟುಕೊಂಡಿದ್ದಾರೆ.